ಕ್ರೇನಿನವಳ ಹೊಟ್ಟೆ

ಏಪ್ರಿಲ್ 2, ಮಧ್ಯಾಹ್ನ 1.20

ಇವತ್ತು ಮೂರನೇ ಸಲ ಇಳಿದದ್ದು. ಇಳಿಯಲು ಒಂಬತ್ತು ನಿಮಿಷ, ಹತ್ತಲು ಹದಿನಾಲ್ಕು. ಕ್ಯಾಬಿನ್ ಇರುವುದು ಐವತ್ತೆಂಟು ಮೀಟರ್ ಮೇಲೆ. ಟಾಯ್ಲೆಟ್ ಇರುವುದು ಗೇಟಿನ ಪಕ್ಕ. ಹೊಟ್ಟೆ ಕೊಡುವ ಗಡುವು ಐದು ನಿಮಿಷ, ಒಳ್ಳೆಯ ಮೂಡಿನಲ್ಲಿದ್ದರೆ ಏಳು. ಉಳಿದದ್ದು ಹಲ್ಲು ಕಚ್ಚಿಕೊಂಡು.

ಮೀಸೆ ರೇಡಿಯೋದಲ್ಲಿ ಎಲ್ಲರಿಗೂ ಸುಳ್ಳು ಹೇಳಿದ. "ಗಾಳಿ ಜಾಸ್ತಿ ಇದೆ, ಅರ್ಧ ಗಂಟೆ ನಿಲ್ಸಿ." ಗಾಳಿ ಗಂಟೆಗೆ ಹನ್ನೆರಡು ಕಿಲೋಮೀಟರ್. ಪಟವೂ ಹಾರುವುದಿಲ್ಲ. ಕೆಳಗೆ ನಿಂತು ನನ್ನ ಕ್ರೇನಿಗೆ ದಾರಿ ಹೇಳುವುದು ಮೀಸೆಯ ಕೆಲಸ. ಆರು ವರ್ಷದಿಂದ ನಾನು ಮೇಲೆ, ಅವನ ದನಿ ಕಿವಿಯಲ್ಲಿ. ಮೀಸೆ ಬೋಳಿಸಿ ಹತ್ತು ವರ್ಷವಾಯಿತಂತೆ, ಹೆಸರು ಮಾತ್ರ ಉಳಿದಿದೆ. ವಯಸ್ಸಿನಲ್ಲಿ ಹಿರಿಯ. ಎದುರಿಗೆ ಬಹುವಚನ, ಇಲ್ಲಿ ಏಕವಚನ. ಇದನ್ನು ಓದುವವರು ಯಾರೂ ಇಲ್ಲ.

ಇದು ಹಳೆಯ ಕ್ರೇನ್ ಲಾಗ್‌ಬುಕ್. ಗಾಳಿ, ಲೋಡ್, ಷರಾ ಎಂದು ಕಾಲಂಗಳಿವೆ. ಷರಾ ಕಾಲಂ ಸಾಲದೆ ಪೂರ್ತಿ ಪುಟಕ್ಕೆ ಬರೆಯುತ್ತಿದ್ದೇನೆ.

ಸಂಜೆ ನಮ್ಮನೆಯವರು ತಮ್ಮ ಬೀಗದ ಅಂಗಡಿಯಿಂದ ಡ್ರಿಲ್ ತಂದು ನನ್ನ ಬೆಲ್ಟಿಗೆ ಮೂರನೇ ತೂತು ಕೊರೆಯುತ್ತಾರೆ. ಹತ್ತು ಕೆಜಿ ಹೋಗಿದೆ.


ಏಪ್ರಿಲ್ 8

ನಾಳೆ ಕೊಲೊನೊಸ್ಕೋಪಿ. ಇವತ್ತು ಹೊಟ್ಟೆ ತೊಳೆಯುವ ಪುಡಿ, ಎರಡು ಲೀಟರ್ ನೀರಿಗೆ. ರುಚಿ... ಉಪ್ಪು ಹಾಕಿದ ಸೋಪು.

ಅತ್ತೆ ಬಾತ್‌ರೂಮಿನ ಹೊರಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ ಕೂತರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು. ನಾಚಿಕೆ ಎನ್ನುವುದನ್ನು ಅಲ್ಲೇ ಬಿಟ್ಟು ರಿಟೈರ್ ಆಗಿದ್ದಾರೆ.

"ಹೋಯ್ತಾ?"

"ಹೋಯ್ತು ಅತ್ತೆ."

"ಯಾವ ಬಣ್ಣ?"

"ಅತ್ತೆ..."

"ನಾಳೆ ಡಾಕ್ಟರ್ ಕೇಳ್ತಾರೆ. ನೀನು ಆಗ ಮರೀತೀಯ. ಹೇಳು, ಪೇಪರ್ ಮೂಲೆಯಲ್ಲಿ ಬರ್ಕೋತೀನಿ."

ಹೇಳಿದೆ. ಬರೆದುಕೊಂಡರು. ನಾಲ್ಕು ಗಂಟೆಯ ಹೊತ್ತಿಗೆ ಪೇಪರಿನ ಎರಡು ಪುಟದ ಅಂಚು ತುಂಬಿತ್ತು.


ಏಪ್ರಿಲ್ 17, ಸಂಜೆ

ಹೆಸರು ಸಿಕ್ಕಿತು. ಕ್ರೋನ್ಸ್.

ಒಂದು ವರ್ಷದಿಂದ ಎಲ್ಲರೂ ಒಂದೊಂದು ಹೆಸರು ಇಟ್ಟಿದ್ದರು. ಗ್ಯಾಸು. ಟೆನ್ಷನ್ನು. ಹೊರಗಿನ ತಿಂಡಿ. ಎತ್ತರದಲ್ಲಿ ಕೂತು ಕೂತು ಹೀಗೆ ಅಂತ ಒಬ್ಬರು. ನಿಜವಾದ ಹೆಸರು ಕೇಳಿದಾಗ ಮೊದಲು ಬಂದದ್ದು ಸಮಾಧಾನ. ಭಯ ಬಂದದ್ದು ಆಮೇಲೆ, ಪಾರ್ಕಿಂಗಿನಲ್ಲಿ.

ಡಾಕ್ಟರ್ ಬೇಗ ಬೇಗ ಮಾತಾಡುವ ಹೆಂಗಸು. ಚೀಟಿಯ ಹಿಂದೆ ಕರುಳಿನ ಚಿತ್ರ ಬಿಡಿಸಿದರು. ಸಣ್ಣ ಕರುಳು ಮುಗಿಯುವ ಜಾಗ, ಅಲ್ಲಿ ಹುಣ್ಣು, ಊತ. "ದೇಹದ ಕಾವಲುಗಾರನೇ ಮನೆಯವರನ್ನ ಕಳ್ಳ ಅಂತ ಹೊಡೀತಿದಾನೆ" ಎಂದರು.

ಇವರು ಗಂಭೀರವಾಗಿ ಕೇಳಿದರು, "ಅಂದ್ರೆ ಬೀಗ ಬದಲಾಯಿಸಿದ್ರೆ ಉಪಯೋಗ ಇಲ್ಲ?"

ಡಾಕ್ಟರ್ ನಕ್ಕರು. ನಾನು ಗುಣ ಆಗುತ್ತಾ ಎಂದೆ. "ಹತೋಟಿಗೆ ಬರುತ್ತೆ. ಎಷ್ಟೋ ಜನ ವರ್ಷಗಟ್ಟಲೆ ಆರಾಮಾಗಿರ್ತಾರೆ. ಆದರೆ ಔಷಧಿ ಬಿಡೋ ಹಾಗಿಲ್ಲ" ಎಂದರು. ಮೊದಲು ಸ್ಟೀರಾಯ್ಡ್, ದಿನಕ್ಕೆ ಎಂಟು ಮಾತ್ರೆ. ವಾರಕ್ಕೊಂದರಂತೆ ಇಳಿಸಬೇಕು. ಅದು ತಾತ್ಕಾಲಿಕ. ಅಸಲಿ ಔಷಧಿ ಡ್ರಿಪ್. ಕ್ಷಯ ಇಲ್ಲ ಅಂತ ಟೆಸ್ಟ್ ಆದ ಮೇಲೆ ಮೊದಲನೆಯದು, ಎರಡು ವಾರಕ್ಕೆ ಇನ್ನೊಂದು, ಆರನೇ ವಾರಕ್ಕೆ ಮತ್ತೊಂದು, ಆಮೇಲೆ ಎಂಟು ವಾರಕ್ಕೊಮ್ಮೆ.

"ಏನು ಕೆಲಸ ಮಾಡ್ತೀರ?"

ಹೇಳಿದೆ. ಪೆನ್ನು ಕೆಳಗಿಟ್ಟರು. "ಸದ್ಯಕ್ಕೆ ನೆಲದ ಮೇಲಿರಿ."

ಈ ಸೀಟಿಗಾಗಿ ನಾಲ್ಕು ವರ್ಷ ಸ್ಟೋರಿನಲ್ಲಿ ಬೋಲ್ಟು ಎಣಿಸಿದ್ದೇನೆ. ಹೆಂಗಸಿಗೆ ಕ್ರೇನ್ ಕೊಟ್ಟರೆ ಹತ್ತಿದವಳು ಇಳಿಯಲು ಅಳುತ್ತಾಳೆ ಎಂದು ನಗುತ್ತಿದ್ದರು. ಈಗ ನೋಡಿದರೆ ಇಳಿಯುವುದೇ ಕೆಲಸವಾಗಿದೆ. ಸೀಟು ಹೋದರೆ ನಾನು ಏನು ಅಂತ ನನಗೇ ಗೊತ್ತಿಲ್ಲ.


ಏಪ್ರಿಲ್ 22

ಮ್ಯಾನೇಜರಿಗೆ ರಕ್ತ ಕಡಿಮೆ ಇದೆ ಎಂದಷ್ಟೇ ಹೇಳಿದೆ. ಸುಳ್ಳಲ್ಲ, ರಿಪೋರ್ಟಿನಲ್ಲಿ ಅದೂ ಇದೆ. ನಾಲ್ಕು ವಾರ ನೆಲದ ಡ್ಯೂಟಿ, ಮೀಸೆಯ ಜೊತೆ ಸಿಗ್ನಲ್. ನನ್ನ ಕ್ರೇನಿಗೆ ಬೇರೆ ಸೈಟಿನಿಂದ ಒಬ್ಬ ಬಂದಿದ್ದಾನೆ. ಕೈ ಒರಟು. ಕಂಬಿಯ ಕಟ್ಟು ಕುಡಿದವನ ಹಾಗೆ ಓಲಾಡುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಅದೂ ಈ ಹೊಟ್ಟೆ.

ಮೀಸೆಗೆ ಮಾತ್ರ ನಿಜ ಹೇಳಿದೆ. ಕೇಳಿಸಿಕೊಂಡು ಬಹಳ ಹೊತ್ತು ಕೈಗವಸು ಸರಿಮಾಡಿಕೊಂಡ. "ಮತ್ತೆ ನಾನು ಇಷ್ಟು ದಿನ ಗಾಳಿ ಮೇಲೆ ಹಾಕ್ತಿದ್ನಲ್ಲ, ತಪ್ಪಾಯ್ತು. ಆವತ್ತೇ ಆಸ್ಪತ್ರೆಗೆ ದಬ್ಬಬೇಕಿತ್ತು" ಎಂದ.

ಮೇಲಿನಿಂದ ಆರು ವರ್ಷ ಅವನ ಹೆಲ್ಮೆಟ್ ಮಾತ್ರ ಕಂಡಿದ್ದು. ಹತ್ತಿರದಿಂದ ನೋಡಿದರೆ ರೇಡಿಯೋದಲ್ಲಿ ಮಾತಾಡುವಾಗಲೂ ಎರಡು ಕೈ ಆಡಿಸುತ್ತಾನೆ. ಮೇಲಿನವರಿಗೆ ಕಾಣುವುದಿಲ್ಲ ಎಂದರೆ "ನನಗೆ ಕಾಣುತ್ತಲ್ಲ" ಎನ್ನುತ್ತಾನೆ.

ಇವತ್ತಿನ ಪಾಠ: ಲೋಡ್ ತಲೆ ಮೇಲಿರುವಷ್ಟು ಹೊತ್ತು ಬಾಯಿ ಮುಚ್ಚುವ ಹಾಗಿಲ್ಲ. ಇಳಿಸು, ಇಳಿಸು, ಇಳಿಸು ಎನ್ನುತ್ತಲೇ ಇರಬೇಕು. ದನಿ ನಿಂತರೆ ಮೇಲಿನವರು ತಕ್ಷಣ ನಿಲ್ಲಿಸುತ್ತಾರೆ. ಮೇಲಿದ್ದಾಗ ಈ ನಿಯಮ ಗೊತ್ತಿತ್ತು. ಕೆಳಗೆ ನಿಂತು ಹೇಳುವವರ ಗಂಟಲು ಒಣಗುತ್ತದೆ ಎಂದು ಗೊತ್ತಿರಲಿಲ್ಲ.


ಏಪ್ರಿಲ್ 27, ಬೆಳಗ್ಗೆ 6

ಸ್ಟೀರಾಯ್ಡ್ ಹತ್ತನೇ ದಿನ. ಹೊಟ್ಟೆ ದಿನಕ್ಕೆ ಎರಡೇ ಸಲ. ನಂಬಲು ಆಗುತ್ತಿಲ್ಲ.

ಅದರ ಬದಲು ಹಸಿವು. ದಿನಾ ಏಳು ಗಂಟೆಯೊಳಗೆ ನಾಲ್ಕು ಮೊಟ್ಟೆ, ಆರು ಸ್ಲೈಸ್ ಬ್ರೆಡ್, ಬೇಯಿಸಿದ ಆಲೂಗಡ್ಡೆ. ಕಾಳು, ಸಿಪ್ಪೆ, ಹಸಿ ತರಕಾರಿ ಸದ್ಯಕ್ಕೆ ಬೇಡ ಎಂದಿದ್ದಾರೆ. ಉಳಿದದ್ದರ ಮೇಲೆ ದಾಳಿ. ಮುಖ ಊದಿ ದುಂಡಗಾಗಿದೆ. ಅತ್ತೆ "ಮದುವೆ ಫೋಟೋದಲ್ಲೂ ನೀನು ಇಷ್ಟು ತುಂಬ್ಕೊಂಡಿರಲಿಲ್ಲ" ಎಂದರು. ಮೆಚ್ಚುಗೆಯೋ ಹಾಸ್ಯವೋ ತಿಳಿಯಲಿಲ್ಲ.

ಕೈ ಸುಮ್ಮನಿರುವುದಿಲ್ಲ. ನಿನ್ನೆ ರಜೆಯ ದಿನ ಇವರ ಅಂಗಡಿಗೆ ಹೋಗಿ ಗೋಡೆಯಲ್ಲಿ ನೇತು ಹಾಕಿದ್ದ ಇನ್ನೂ ಹಲ್ಲು ಕೊರೆಯದ ಅಷ್ಟೂ ಖಾಲಿ ಕೀಗಳನ್ನು ಉದ್ದದ ಪ್ರಕಾರ ಜೋಡಿಸಿದೆ. ಅವರು ಹದಿನೈದು ವರ್ಷದಿಂದ ಬೀಗದ ಕಂಪನಿಯ ಪ್ರಕಾರ ಜೋಡಿಸಿಟ್ಟಿದ್ದರು. ಇವತ್ತು ಮೊದಲ ಗಿರಾಕಿಗೆ ಕೀ ಹುಡುಕಲು ಮುಕ್ಕಾಲು ಗಂಟೆಯಾಗುತ್ತದೆ. ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಮೊನ್ನೆ ಒಂದು ಚಮಚ ಸಿಂಕಿನಲ್ಲಿ ಬಿಟ್ಟದ್ದಕ್ಕೆ ಅತ್ತಿದ್ದೇನೆ.


ಮೇ 2

ಮೊದಲ ಡ್ರಿಪ್. ಟೆಸ್ಟ್‌ಗಳೆಲ್ಲ ಸರಿ ಬಂದವು.

ಉದ್ದನೆಯ ಕೋಣೆ, ಕಿಟಕಿಯ ಪಕ್ಕ ಐದು ಒರಗು ಕುರ್ಚಿ. ನರ್ಸ್ ಸೂಜಿ ಹಾಕುವ ಮೊದಲು ಕೈ ತಟ್ಟಿ, "ನರ ಎಲ್ಲಿ ಬಚ್ಚಿಟ್ಟಿದೀರಿ?" ಎಂದರು. ಮೂರು ಗಂಟೆ. ಹನಿ ಬೀಳುವುದನ್ನು ನೋಡುತ್ತಾ ಕೂತೆ. ಕ್ರೇನಿನಲ್ಲಿ ಕೂತು ಕೂತು ನಿಧಾನವಾಗಿ ಇಳಿಯುವುದನ್ನು ನೋಡುವ ಅಭ್ಯಾಸವಿದೆ.

ಪಕ್ಕದ ಕುರ್ಚಿಯಲ್ಲಿ ಮಕ್ಕಳಿಗೆ ಈಜು ಕಲಿಸುವ ಹೆಂಗಸು. ಇದೇ ಕಾಯಿಲೆ, ಹನ್ನೊಂದು ವರ್ಷ. ಗಟ್ಟಿಮುಟ್ಟಾಗಿದ್ದಾಳೆ, ಭುಜ ನನ್ನ ಎರಡರಷ್ಟು.

"ಪಾಠದ ಮಧ್ಯೆ ಬಂದ್ರೆ?" ಎಂದು ಕೇಳಿದೆ.

"ಎದ್ದು ಹೋಗ್ತೀನಿ. ಮೊದಲ ದಿನಾನೇ ಹೇಳ್ಬಿಡ್ತೀನಿ, ಟೀಚರ್‌ಗೂ ಹೊಟ್ಟೆ ಇದೆ ಅಂತ. ಈಗ ಮಕ್ಕಳೇ 'ಟೀಚರ್ ಮುಖ ನೋಡ್ರೋ, ಹೋಗ್ತಾರೆ ಈಗ' ಅಂತ ಪಂದ್ಯ ಕಟ್ತಾವೆ."

ನಗು ತಡೆಯಲಾಗಲಿಲ್ಲ. ಆದರೆ ಈಜುಕೊಳದಿಂದ ಟಾಯ್ಲೆಟ್ಟಿಗೆ ಇಪ್ಪತ್ತು ಹೆಜ್ಜೆ. ನನ್ನ ಕಥೆ ಬೇರೆ.


ಮೇ 9

ಕಂಪನಿಯಿಂದ ಫಾರ್ಮ್. ವರ್ಷಕ್ಕೊಮ್ಮೆ ಬರುವ ಫಿಟ್‌ನೆಸ್. ಪರೀಕ್ಷೆ 24ಕ್ಕೆ.

ಮ್ಯಾನೇಜರ್ ಕರೆದು ಹೇಳಿದರು, "ಆವತ್ತು ಪಾಸಾದ್ರೆ ಜೂನ್ ಒಂದರಿಂದ ನಿಮ್ಮ ಕ್ರೇನು ನಿಮಗೆ. ಇಲ್ಲ ಅಂದ್ರೆ ಈಗಿರೋವನನ್ನೇ ಖಾಯಂ ಮಾಡ್ಬೇಕಾಗುತ್ತೆ. ನಿಮಗೆ ಸ್ಟೋರಲ್ಲಿ ಏನಾದ್ರೂ ನೋಡೋಣ." ಕೆಟ್ಟ ಮನುಷ್ಯನಲ್ಲ. ಬೇಜಾರಿನಿಂದಲೇ ಹೇಳಿದರು.

ಮನೆಗೆ ತಂದು ಓದಿದೆ. ಪ್ರಶ್ನೆ 11: ಈ ಕೆಳಗಿನ ಔಷಧಿಗಳಲ್ಲಿ ಯಾವುದನ್ನಾದರೂ ಪ್ರಸ್ತುತ ಸೇವಿಸುತ್ತಿದ್ದೀರಾ? ಪಟ್ಟಿಯಲ್ಲಿ ನಾಲ್ಕನೆಯದು ಸ್ಟೀರಾಯ್ಡ್ ಮಾತ್ರೆ. ಕೆಳಗೆ ಸಣ್ಣಕ್ಷರದಲ್ಲಿ, ಹೌದು ಎಂದಾದರೆ ಪರೀಕ್ಷೆಯನ್ನು ಮೂರು ತಿಂಗಳು ಮುಂದೂಡಲಾಗುವುದು.

ಡ್ರಿಪ್ಪಿನ ಬಗ್ಗೆ ಒಂದಕ್ಷರವೂ ಇಲ್ಲ. ಕಾಯಿಲೆಯ ಬಗ್ಗೆ ಒಂದು ಗೆರೆ ಜಾಗ. 'ಕರುಳಿನ ಊತ, ಚಿಕಿತ್ಸೆಯಲ್ಲಿದೆ' ಎಂದರೆ ತುಂಬುತ್ತದೆ. ಉಳಿದದ್ದು ಹನ್ನೊಂದನೇ ಪ್ರಶ್ನೆ ಒಂದೇ.

ಇವತ್ತು ಐದು ಮಾತ್ರೆ. ಡಾಕ್ಟರ ಚೀಟಿಯ ಪ್ರಕಾರ ಮುಗಿಯುವುದು ಜೂನ್ ಎರಡನೇ ವಾರ.


ಮೇ 17

ನಿನ್ನೆ ಎರಡನೇ ಡ್ರಿಪ್. ಇವತ್ತು ಬೆಳಗ್ಗೆ ಬಹಳ ದಿನದ ಮೇಲೆ ಮಾಮೂಲಿ ಮನುಷ್ಯರ ಹಾಗೆ ಒಂದೇ ಸಲ. ಅತ್ತೆಗೆ ಹೇಳಿದೆ. ಕೈ ಮುಗಿದರು. ಯಾರಿಗೆ ಮುಗಿದರು ಅಂತ ಕೇಳಲಿಲ್ಲ.

ಲಾಗ್‌ಬುಕ್ಕಿನಲ್ಲಿ ನಾನು ಯಾವತ್ತೂ ಸುಳ್ಳು ಬರೆದಿಲ್ಲ. ಗಾಳಿ ಮೂವತ್ತಿದ್ದರೆ ಮೂವತ್ತು. ಬ್ರೇಕಿನಲ್ಲಿ ಸದ್ದು ಬಂದರೆ ಸದ್ದು. ಬರೆದದ್ದು ಸುಳ್ಳಾದರೆ ಮುಂದಿನ ಪಾಳಿಯವನು ಸಾಯುತ್ತಾನೆ. ಆದ್ದರಿಂದ ಫಾರ್ಮಿನಲ್ಲೂ ಸುಳ್ಳು ಬರೆಯುವುದಿಲ್ಲ. 'ಇಲ್ಲ' ಎಂದು ಬರೆಯಬೇಕಾದರೆ ಅದು ನಿಜವಾಗಿರಬೇಕು.

ಈಗ ದಿನಕ್ಕೆ ನಾಲ್ಕೇ ಮಾತ್ರೆ. ಚೆನ್ನಾಗಿಯೂ ಇದ್ದೇನೆ. ಇವತ್ತಿನಿಂದ ಬಿಟ್ಟೆ.

ಇವರಿಗೆ ಹೇಳಿಲ್ಲ. ಡಬ್ಬಿ ಟೂಲ್ ಬ್ಯಾಗಿನಲ್ಲಿದೆ.


ಮೇ 20

ಸ್ವಲ್ಪ ಸುಸ್ತು. ಬಿಸಿಲು ಇರಬೇಕು. ಕೀಲುಗಳಲ್ಲಿ ನೋವು. ಊಟ ಸೇರುತ್ತಿಲ್ಲ. ಪರವಾಗಿಲ್ಲ, ಇನ್ನು ನಾಲ್ಕು ದಿನ.


ಮೇ 21

ಎದ್ದರೆ ಕಣ್ಣು ಕತ್ತಲೆ. ಗೋಡೆ ಹಿಡಿದು


ಮೇ 27, ಬೆಳಗ್ಗೆ 11, ಆಸ್ಪತ್ರೆ

ಎರಡನೇ ಮಹಡಿ, ಹಾಸಿಗೆ ಹದಿನಾರು. ಈ ಪುಸ್ತಕವನ್ನು ಇವರು ತಂದುಕೊಟ್ಟರು. ಓದಿಲ್ಲ ಅಂದರು. ಓದಿದ್ದರೂ ತಪ್ಪಿಲ್ಲ.

ಬರೆದು ಮುಗಿಸಬೇಕು. 22ರಂದು ಮಧ್ಯಾಹ್ನ ಮೀಸೆ ಊಟಕ್ಕೆ ಹೋದ. ಸಿಗ್ನಲ್ ನನ್ನ ಕೈಯಲ್ಲಿ. ಎರಡನೇ ಕ್ರೇನು, ಮೇಲೆ ಉದ್ದಣ್ಣ. ಆರಡಿ ಮೂರಂಗುಲದ ಮನುಷ್ಯ, ಕ್ಯಾಬಿನ್ನಿನಲ್ಲಿ ಮಡಿಚಿಕೊಂಡು ಕೂರುತ್ತಾನೆ. ಕೊಕ್ಕೆಯಲ್ಲಿ ಆರುನೂರು ಕೆಜಿ ಶೀಟು. ಕೆಳಗೆ ಇಬ್ಬರು ಬಡಗಿಗಳು. ಇಳಿಸು, ಇಳಿಸು ಎನ್ನುತ್ತಿದ್ದೆ. ಅಷ್ಟೇ ನೆನಪು.

ದನಿ ನಿಂತ ತಕ್ಷಣ ಉದ್ದಣ್ಣ ನಿಲ್ಲಿಸಿದನಂತೆ. ಬಡಗಿಗಳ ತಲೆಯಿಂದ ನಾಲ್ಕು ಮೀಟರ್ ಮೇಲೆ. ಅವರು ಸರಿದ ಮೇಲೂ ಮೀಸೆ ಓಡಿ ಬಂದು ರೇಡಿಯೋ ಎತ್ತಿಕೊಳ್ಳುವವರೆಗೆ ಹನ್ನೊಂದು ನಿಮಿಷ ಲೋಡನ್ನು ಅಲುಗಾಡಿಸದೆ ಹಿಡಿದಿದ್ದನಂತೆ.

ಯಾರಿಗೂ ಏನೂ ಆಗಲಿಲ್ಲ. ಇದನ್ನು ಇನ್ನೊಂದು ಸಲ ಬರೆಯುತ್ತೇನೆ. ಯಾರಿಗೂ ಏನೂ ಆಗಲಿಲ್ಲ.

ಡಾಕ್ಟರ್ ಈ ಸಲ ನಿಧಾನವಾಗಿ ಮಾತಾಡಿದರು. ಅದಕ್ಕೇ ಹೆಚ್ಚು ಭಯವಾಯಿತು. ನಾಲ್ಕು ವಾರ ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟರೆ ದೇಹ ತಾನು ಮಾಡುವುದನ್ನು ನಿಲ್ಲಿಸಿರುತ್ತದೆ, ಹಠಾತ್ತಾಗಿ ಬಿಟ್ಟರೆ ಬಿಪಿ ನೆಲ ಕಚ್ಚುತ್ತದೆ, ಜೀವಕ್ಕೇ ಬರುತ್ತದೆ. "ಚೀಟಿಯಲ್ಲಿ ಕೆಂಪಲ್ಲಿ ಬರೆದಿದ್ದೆ" ಎಂದರು. ಬರೆದಿದ್ದರು. ನಾನೂ ಓದಿದ್ದೆ.


ಮೇ 28

ಮೀಸೆ ಬಂದ. ಸ್ಟೂಲಿನ ತುದಿಯಲ್ಲಿ ಕೂತ. ಕಿತ್ತಳೆ ತಂದಿದ್ದ, ನಾನು ತಿನ್ನಬಾರದ್ದು. ತಾನೇ ಸುಲಿದು ತಿಂದ.

"ಆರು ವರ್ಷ ನಿನ್ನ ಲೋಡ್ ಕೆಳಗೆ ನಿಂತಿದೀನಿ. ಒಂದು ಸಲಾನೂ ನೀನು ಬ್ರೇಕ್ ಒದ್ದು ನಿಲ್ಲಿಸಿಲ್ಲ. ಹತ್ತು ಮೀಟರ್ ಮುಂಚೇನೇ ಸ್ಪೀಡ್ ಕಳೀತಾ ಬರ್ತೀಯ. ಅದಕ್ಕೇ ನಾನು ಅಲ್ಲಿ ನಿಲ್ಲೋದು. ನಿನ್ನ ಮೈಮೇಲೆ ಮಾತ್ರ ಹೀಗೆ ಮಾಡ್ಕೊಂಡೆಯಲ್ಲ."

ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಅದು. ತೂಗುತ್ತಿರುವುದನ್ನು ಗಕ್ಕನೆ ನಿಲ್ಲಿಸಬಾರದು.

ಹೋಗುವಾಗ ಬಾಗಿಲಲ್ಲಿ ನಿಂತು, "ಫಾರ್ಮ್ ತಾನೆ, ಹಾಳಾಗ್ಲಿ" ಎಂದ. ಕಣ್ಣು ಕೆಂಪಾಗಿತ್ತು. ಕಿತ್ತಳೆ ಸಿಪ್ಪೆಯ ಹುಳಿ ಇರಬಹುದು ಅಂದುಕೊಂಡೆ.


ಜೂನ್ 1

ಮನೆಗೆ ಬಂದೆ. ಮಾತ್ರೆ ಮತ್ತೆ ಆರು, ಮತ್ತೆ ವಾರಕ್ಕೊಂದು ಇಳಿಕೆ. ಇವತ್ತು ನನ್ನ ಕ್ರೇನು ಖಾಯಂ ಆಗಿ ಬೇರೆಯವನದಾಯಿತು. ಅಡುಗೆಮನೆಯ ಕಿಟಕಿಯಿಂದ ಅದರ ತುದಿ ಕಾಣುತ್ತದೆ. ಪರದೆ ಎಳೆದೆ. ಅತ್ತೆ ಸರಿಸಿದರು. "ಬೆಳಕು ಬೇಕು ನಂಗೆ."

ಇವರು ಐದು ದಿನದಿಂದ ಸರಿಯಾಗಿ ಮಾತಾಡಿಲ್ಲ. ಸಂಜೆ ಮಾತ್ರೆಯ ಡಬ್ಬಿ ತಂದು ಮೇಜಿನ ಮಧ್ಯೆ ಇಟ್ಟರು.

"ಬೈತೀರಾ?"

"ಇಲ್ಲ."

"ಬೈದುಬಿಡಿ, ಮುಗೀಲಿ."

"ನೀನು ಸತ್ತಿದ್ರೆ ನಾನು ಆ ಕೀಗಳನ್ನ ಯಾವ ಪ್ರಕಾರ ಜೋಡಿಸಲಿ?" ಎಂದರು. ಆಮೇಲೆ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ನಾನೂ ಹೋಗಿ ಪಕ್ಕ ನಿಂತೆ. ಇಬ್ಬರೂ ಅತ್ತೆವು. ಮದುವೆಯಾಗಿ ಒಂಬತ್ತು ವರ್ಷ, ಇವರು ಅಳುವುದನ್ನು ನೋಡಿದ್ದು ಇದೇ ಮೊದಲು. ಇನ್ನು ಅಳಿಸಬಾರದು.


ಜೂನ್ 9

ಸೈಟಿಗೆ ಹೋದೆ. ಕೆಲಸಕ್ಕಲ್ಲ. ಬೆಳಗಿನ ಸೇಫ್ಟಿ ಮೀಟಿಂಗಿಗೆ. ಕಂಟೇನರ್ ಆಫೀಸು, ಫ್ಯಾನು ಕಟಕಟ, ಮೂವತ್ತು ಜನ ನಿಂತೇ ಇರುತ್ತಾರೆ. ಆ ಇಬ್ಬರು ಬಡಗಿಗಳೂ ಇದ್ದರು. ಕ್ಷಮೆ ಕೇಳದೆ ಇರಲು ಆಗುತ್ತಿರಲಿಲ್ಲ.

ಎಲ್ಲ ಹೇಳಿದೆ. ಕಾಯಿಲೆಯ ಹೆಸರು, ದಿನಕ್ಕೆ ಎಷ್ಟು ಸಲ, ಮೂರು ಸಲ ಇಳಿದದ್ದು, ಬೆಳಗಿನಿಂದ ಉಪವಾಸ ಕೂತದ್ದು, ಮಾತ್ರೆ, ಫಾರ್ಮು. ಕಿವಿಯೆಲ್ಲ ಬಿಸಿಯಾಗಿತ್ತು.

ಬಡಗಿಗಳಲ್ಲಿ ಹಿರಿಯವನು, "ಏನೂ ಆಗಿಲ್ವಲ್ಲಮ್ಮ" ಎಂದ. ಅಷ್ಟೇ. ನನಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಆಗ ಹಿಂದಿನಿಂದ ಉದ್ದಣ್ಣ, ತಲೆ ಸೂರಿಗೆ ತಾಗದಂತೆ ಬಗ್ಗಿಕೊಂಡೇ, "ನಾನು ಎಂಟು ಗಂಟೆ ನೀರು ಕುಡಿಯಲ್ಲ" ಎಂದ.

ಮ್ಯಾನೇಜರ್ ಪೆನ್ನು ತಟ್ಟುವುದು ನಿಲ್ಲಿಸಿದರು. "ಯಾಕೆ?"

"ಇಳೀಬೇಕಾಗುತ್ತಲ್ಲ. ಹೋದ ವರ್ಷ ಕಿಡ್ನಿ ಕಲ್ಲು ಅಂತ ರಜ ಹಾಕಿದ್ನಲ್ಲ, ಅದು ಇದೇ. ಇವಳೊಬ್ಬಳೇ ಅಲ್ಲ ಸರ್. ಮೇಲಿರೋರೆಲ್ಲ ಹೀಗೇ. ಯಾರೂ ಬಾಯಿ ಬಿಡಲ್ಲ."

ನನ್ನ ಕ್ರೇನಿನ ಹೊಸಬ ನೆಲ ನೋಡುತ್ತಾ, "ನಾನು ಬಾಟಲ್ ಒಯ್ತೀನಿ" ಎಂದ. ಒಬ್ಬ ನಕ್ಕ, ಆಮೇಲೆ ಎಲ್ಲರೂ. ಒರಟು ಕೈಯವನ ಮೇಲೆ ಮೊದಲ ಸಲ ಪ್ರೀತಿ ಬಂತು.

ಮೀಸೆ ಮೊದಲೇ ಯೋಚಿಸಿ ಬಂದಿದ್ದ. ಜೇಬಿನಿಂದ ಮಡಿಚಿದ ಹಾಳೆ ತೆಗೆದ. ಎರಡು ಕ್ರೇನು, ಮೂರು ಆಪರೇಟರು. ಎರಡು ಗಂಟೆಗೊಮ್ಮೆ ಬದಲಿ. ಒಬ್ಬರು ಯಾವಾಗಲೂ ನೆಲದ ಮೇಲೆ, ಸಿಗ್ನಲ್ಲಿಗೆ. ಯಾರೂ ಎರಡು ಗಂಟೆಗಿಂತ ಹೆಚ್ಚು ಮೇಲಿರುವ ಹಾಗಿಲ್ಲ, ಹೊಟ್ಟೆ ಹೇಗೇ ಇರಲಿ. ಚಿತ್ರವನ್ನೂ ಬಿಡಿಸಿದ್ದ. ಕ್ರೇನು ಜಿರಾಫೆಯ ಹಾಗಿತ್ತು.

ಮ್ಯಾನೇಜರ್ ಹಾಳೆ ಇಟ್ಟುಕೊಂಡರು. "ಮೂರನೆಯವರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು.

"ಮೊದಲು ಫಿಟ್ ಆಗಲಿ" ಎಂದರು. ಆದರೆ ಇಲ್ಲ ಎನ್ನಲಿಲ್ಲ.


ಜೂನ್ 13

ಮೂರನೇ ಡ್ರಿಪ್. ಈಜು ಟೀಚರ್ ಇರಲಿಲ್ಲ, ಅವಳ ಸರದಿ ಬೇರೆ ದಿನ. ಕುರ್ಚಿ ಖಾಲಿ ನೋಡಿ ಬೇಜಾರಾಯಿತು. ಅವಳು ಪಾಠದ ಮಕ್ಕಳಿಗೆ ಮೊದಲ ದಿನವೇ ಹೇಳಿಬಿಟ್ಟಿದ್ದಳು. ನಾನು ಯಾರಿಗೂ ಹೇಳದೆ ಟಾಯ್ಲೆಟ್ಟಿಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಾ ಕೂತಿದ್ದೆ.

ನರ್ಸಿಗೆ ನರ ಒಂದೇ ಸಲಕ್ಕೆ ಸಿಕ್ಕಿತು.


ಜುಲೈ 3

ರಿಪೋರ್ಟ್. ಕರುಳಿನ ಊತ ಅಳೆಯುವ ಟೆಸ್ಟು, ಏಪ್ರಿಲ್‌ನಲ್ಲಿ ಸಾವಿರದ ನಾನೂರು. ಈಗ ನೂರ ಹತ್ತು. ಡಾಕ್ಟರ್ ಮತ್ತೆ ಬೇಗ ಬೇಗ ಮಾತಾಡಿದರು. ಎಷ್ಟು ಹಾಯೆನಿಸಿತು.

ಐದು ಕೆಜಿ ವಾಪಸ್ ಬಂದಿದೆ. ಎಲ್ಲ ದಿನವೂ ಚೆನ್ನಾಗಿಲ್ಲ. ಮೊನ್ನೆ ಬಸ್ಸಿನಲ್ಲಿ ಹಠಾತ್ತಾಗಿ ಬೆವರಿ, ಗೊತ್ತಿಲ್ಲದ ಸ್ಟಾಪಿನಲ್ಲಿ ಇಳಿದು, ಗೊತ್ತಿಲ್ಲದ ಔಷಧಿ ಅಂಗಡಿಯಲ್ಲಿ ಟಾಯ್ಲೆಟ್ ಎಲ್ಲಿ ಎಂದು ಕೇಳಿದೆ. ಒಳಗೆ ಬಿಟ್ಟರು. ಮೊದಲಾಗಿದ್ದರೆ ಕೇಳುತ್ತಿರಲಿಲ್ಲ, ಬಸ್ಸಿನಲ್ಲೇ ಕೂತು ಸಾಯುತ್ತಿದ್ದೆ. ಇಂಥ ದಿನಗಳು ಬರುತ್ತವೆ, ಬಂದರೆ ಕೇಳಬೇಕು.

ಮಾತ್ರೆ ಈಗ ದಿನಕ್ಕೆ ಎರಡೇ.


ಜುಲೈ 19

ಫಿಟ್‌ನೆಸ್. ಕಂಪನಿಯ ಡಾಕ್ಟರು ವಯಸ್ಸಾದವರು, ಕನ್ನಡಕ ಹಣೆಯ ಮೇಲೆ.

ಪ್ರಶ್ನೆ 11ಕ್ಕೆ ಈಗ ನಿಜವಾಗಿ 'ಇಲ್ಲ'. ಕೊನೆಯ ಮಾತ್ರೆ ನುಂಗಿ ಒಂದು ವಾರವಾಯಿತು. ಫಾರ್ಮಿನ ಹಿಂದೆ ಎರಡು ಹಾಳೆ ಲಗತ್ತಿಸಿದ್ದೆ. ಕಾಯಿಲೆ, ಡ್ರಿಪ್ಪಿನ ತಾರೀಖುಗಳು, ರಿಪೋರ್ಟು, ಮೇ 17ರಂದು ನಾನು ಮಾಡಿದ್ದು, 22ರಂದು ಆದದ್ದು. ಮೀಸೆಯ ಜಿರಾಫೆಯೂ.

ಪೂರ್ತಿ ಓದಿದರು.

"ಮಾತ್ರೆ ಬಿಟ್ಟ ವಿಷಯ ಯಾಕೆ ಬರೆದ್ರಿ? ಫಾರ್ಮಲ್ಲಿ ಕೇಳಿಲ್ಲವಲ್ಲ."

"ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯೋಕೆ ಹೋಗಿ ಬಿದ್ದಿದ್ದು, ಸರ್."

ಬಿಪಿ, ಕಣ್ಣು, ಸಮತೋಲನ. ಒಂಟಿ ಕಾಲಲ್ಲಿ ನಿಲ್ಲಿಸಿದರು. ಹೊಟ್ಟೆ ಒತ್ತಿದರು. ನನ್ನ ಡಾಕ್ಟರಿಗೆ ಫೋನ್ ಮಾಡಿದರು. ಹೊರಗಿನ ಬೆಂಚಿನಲ್ಲಿ ನಲವತ್ತು ನಿಮಿಷ. ಆ ಹೊತ್ತಿನಲ್ಲಿ ಏನಾಗಿ ಉಳಿಯಬಲ್ಲೆ ಎಂದು ಯೋಚಿಸಿದೆ. ಸಿಗ್ನಲ್ಲಿನವಳಾಗಿ ಉಳಿಯಬಲ್ಲೆ. ಬೇಜಾರಾಗುತ್ತದೆ, ಆದರೆ ಉಳಿಯಬಲ್ಲೆ. ಏಪ್ರಿಲ್‌ನಲ್ಲಿ ಇಷ್ಟು ಹೇಳಲು ಬರುತ್ತಿರಲಿಲ್ಲ.

ಕರೆದರು. ಫಿಟ್, ಷರತ್ತಿನ ಮೇಲೆ. ಎರಡು ಗಂಟೆಯ ಬದಲಿ ಕಡ್ಡಾಯ. ಮೂರು ತಿಂಗಳಿಗೊಮ್ಮೆ ರಿಪೋರ್ಟ್. ಡ್ರಿಪ್ಪಿನ ದಿನ ರಜೆ. ಸಹಿ ಹಾಕುತ್ತಾ, "ಈ ಬದಲಿ ಪದ್ಧತಿ ಎಲ್ಲ ಸೈಟಿಗೂ ಕಳಿಸ್ತೀನಿ, ಚಿತ್ರ ಬಿಟ್ಟು" ಎಂದರು.

ಹೊರಗೆ ಬಂದು ಇವರಿಗೆ ಫೋನ್ ಮಾಡಿದೆ. ಗಿರಾಕಿ ಇದ್ದರು. "ಹೂಂ" ಎಂದರು, "ಹೂಂ" ಎಂದರು, ಮೂರನೇ 'ಹೂಂ' ಹೊರಡಲಿಲ್ಲ.


ಜುಲೈ 28, ಬೆಳಗ್ಗೆ 7.45

ಕ್ಯಾಬಿನ್. ಹತ್ತಲು ಹತ್ತೊಂಬತ್ತು ನಿಮಿಷ, ಎಲ್ಲ ಮರೆತ ಕಾಲು. ಸೀಟನ್ನು ಹೊಸಬ ಹಿಂದಕ್ಕೆ ತಳ್ಳಿಟ್ಟಿದ್ದಾನೆ. ಮುಂದೆ ಎಳೆದುಕೊಂಡೆ. ಗಾಳಿ ಒಂಬತ್ತು.

ಮೊದಲ ಲೋಡ್ ಎಂಟುನೂರು ಕೆಜಿ. ಮೀಸೆಯ ದನಿ. ಇಳಿಸು, ಇಳಿಸು, ಇಳಿಸು. ತೂಗಾಡಲಿಲ್ಲ.


9.55

ಎರಡು ಗಂಟೆ ಮುಗಿಯಿತು. ಉದ್ದಣ್ಣ ಬದಲಿಗೆ ಬಂದ. ಹೊಟ್ಟೆ ಸುಮ್ಮನಿದೆ. ಇನ್ನೂ ಎರಡು ಗಂಟೆ ಕೂರಬಲ್ಲೆ ಎನ್ನಿಸಿತು, ಹೇಳಲೂ ಬಾಯಿ ತೆರೆದೆ. ಮುಚ್ಚಿ, ಎದ್ದು ಸೀಟು ಕೊಟ್ಟೆ.

ಈಗ ಏಣಿಯ ನಡುವೆ ನಿಂತು ದಣಿವಾರಿಸಲು ಇರುವ ಒಂದು ಅಟ್ಟಣಿಗೆಯಲ್ಲಿ ಕೂತಿದ್ದೇನೆ, ಬೆಲ್ಟಿನ ಕೊಕ್ಕೆ ಕಂಬಿಗೆ ಹಾಕಿಕೊಂಡು. ಈ ಅಟ್ಟಣಿಗೆಯನ್ನು ಒಂದು ವರ್ಷದಲ್ಲಿ ನೂರಾರು ಸಲ ದಾಟಿದ್ದೇನೆ, ಒಮ್ಮೆಯೂ ನೋಡಿಲ್ಲ. ಓಡುತ್ತಿದ್ದೆ. ಇಬ್ಬರು ಕೂರುವಷ್ಟು ಅಗಲವಿದೆ. ಯಾರೋ ಸೀಮೆಸುಣ್ಣದಲ್ಲಿ ಬೆಕ್ಕಿನ ಮುಖ ಬರೆದಿದ್ದಾರೆ. ಇಲ್ಲಿಂದ ಒಂದು ಶಾಲೆಯ ಅಂಗಳ ಕಾಣುತ್ತದೆ, ಇನ್ನೊಂದು ಕಡೆ ಯಾರದೋ ತಾರಸಿಯಲ್ಲಿ ಒಣಗಲು ಹಾಕಿದ ಹಳದಿ ಹೊದಿಕೆ.

ರೇಡಿಯೋ. ಮೀಸೆ.

"ಎಲ್ಲಿದೀಯ? ಇಷ್ಟೊತ್ತಿಗೆ ಕೆಳಗಿರ್ಬೇಕಿತ್ತು. ಏನಾಯ್ತು?"

"ಏನೂ ಆಗಿಲ್ಲ."

"ಹೊಟ್ಟೆ?"

"ಇಲ್ಲ. ಸುಮ್ಮನೆ ಕೂತಿದೀನಿ."

ಕೆಳಗೆ ನೋಡಿದೆ. ಬಿಳಿ ಹೆಲ್ಮೆಟ್ ಮೇಲೆ ನೋಡುತ್ತಿತ್ತು. ಎರಡೂ ಕೈ ಆಡಿತು.

"ಕೂತ್ಕೋ" ಎಂದ. "ಅವಸರ ಇಲ್ಲ."

ಅವಸರ ಇಲ್ಲ. ಶಾಲೆಯ ಅಂಗಳಕ್ಕೆ ಮಕ್ಕಳನ್ನು ಬಿಟ್ಟರು, ಒಬ್ಬಳು ಎಲ್ಲರಿಗಿಂತ ಮುಂದೆ ಓಡುತ್ತಾ ಬಂದು, ಅಂಗಳದ ಮಧ್ಯೆ ನಿಂತು ಉಳಿದವರಿಗಾಗಿ ಕಾದಳು.